ಬ್ಯಾಟರಿ ಕೆಟ್ಟಿಲ್ಲ, ತಂತಿಗೆ ಕಿಲುಬು ಹಿಡಿದಿದೆ

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರಕ್ಕೆ ಹಿಡಿಯುವುದು ಕಿಲುಬು. ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುವ ನಮ್ಮ ಅಮ್ಮ, ಅಜ್ಜಿಯರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಬಿಇ ಓದುವ ನಮಗೆ ಅದರ ರಾಸಾಯನಿಕ ಸೂತ್ರವೂ ಗೊತ್ತು. ಆದರೆ ಅದೇ ಕಿಲುಬು ಲಕ್ಷಾಂತರ ರೂಪಾಯಿಯ ಹೈಬ್ರಿಡ್ ಕಾರಿನೊಳಗೆ, ಹೆಬ್ಬೆರಳಿನಷ್ಟು ಸಣ್ಣ ಕನೆಕ್ಟರ್‌ನಲ್ಲಿ ಹೋಗಿ ಕುಳಿತರೆ ಅದನ್ನು ಹುಡುಕಬಲ್ಲವರು ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಎಷ್ಟು ಜನ ಸಿಗುತ್ತಾರೆ? ಕೆಲಸ ಇಲ್ಲ ಎಂದು ಕೊರಗುವ ನಾವು, ಕೆಲಸ ಬಲ್ಲವರಿಲ್ಲದೆ ನಿಂತಿರುವ ಕಾರುಗಳ ಕಡೆ ಒಮ್ಮೆ ನೋಡಬೇಕು ಎಂಬುದು ನನ್ನ ವಾದ.

‘ಹೈಬ್ರಿಡ್ ಕಾರು ಬೆಂಗಳೂರಿನ ಮಾತು, ನಮ್ಮ ಕಡೆ ಟ್ರ್ಯಾಕ್ಟರ್, ಬೊಲೆರೊ ಬಿಟ್ಟರೆ ಏನಿದೆ’ ಎಂದು ಕೆಲವು ಗೆಳೆಯರು ನಗುತ್ತಾರೆ. ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಟೊಯೊಟಾ ಪ್ರಿಯಸ್ ಮಾರುಕಟ್ಟೆಗೆ ಬಂತು. ಅಂದರೆ ನಮ್ಮ ಜಿಲ್ಲೆಗೂ ಹೈಬ್ರಿಡ್ ಕಾರಿಗೂ ಒಂದೇ ವಯಸ್ಸು. 2013ರಲ್ಲಿ ನಮ್ಮದೇ ರಾಜ್ಯದ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿತು. 2022ರಲ್ಲಿ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನೋವಾ ಹೈಕ್ರಾಸ್ ಮೂರೂ ಅದೇ ಬಿಡದಿಯಿಂದ ಹೊರಬಂದವು. ಹೋಂಡಾ ಸಿಟಿ ಹೈಬ್ರಿಡ್ ಬಂದದ್ದೂ ಅದೇ ವರ್ಷ. ಮೋಟೆಬೆನ್ನೂರಿನ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರ ಬದಿ ಸ್ವಲ್ಪ ಹೊತ್ತು ನಿಂತು ನೋಡಿ, ಈ ಕಾರುಗಳು ಪುಣೆಗೂ ಬೆಂಗಳೂರಿಗೂ ಓಡುವುದು ಕಾಣುತ್ತದೆ. ಕೆಲವು ಎಡಕ್ಕೋ ಬಲಕ್ಕೋ ತಿರುಗಿ ನಮ್ಮ ಊರುಗಳಿಗೇ ಬರುತ್ತವೆ.

ಬ್ಯಾಟರಿಗೂ ಸೆಕೆಯಾಗುತ್ತದೆ

ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟರ್ ಕೂಡ ಇರುವ ಕಾರು. ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಹಿಡಿದು ಬ್ಯಾಟರಿಗೆ ತುಂಬುತ್ತದೆ, ವೇಗ ಬೇಕಾದಾಗ ಅದನ್ನೇ ವಾಪಸ್ ಪಡೆಯುತ್ತದೆ. ಹೀಗೆ ದಾರಿಯುದ್ದಕ್ಕೂ ತುಂಬಿ ಬರಿದಾಗುವ ಬ್ಯಾಟರಿ ಬಿಸಿಯಾಗುತ್ತದೆ. ಮನುಷ್ಯನಿಗೆ ಹಿತವೆನಿಸುವ ಉಷ್ಣತೆಯೇ ಹೆಚ್ಚುಕಡಿಮೆ ಬ್ಯಾಟರಿಗೂ ಹಿತ. ಅದಕ್ಕೇ ಅನೇಕ ಹೈಬ್ರಿಡ್‌ಗಳಲ್ಲಿ ಒಂದು ಸಣ್ಣ ಫ್ಯಾನ್ ಇಟ್ಟಿರುತ್ತಾರೆ. ನಾವು ಕುಳಿತಿರುವ ಕಡೆಯ ತಂಪು ಗಾಳಿಯನ್ನೇ ಸೀಟಿನ ಹತ್ತಿರದ ಜಾಲರಿಯಿಂದ ಎಳೆದು ಅದು ಬ್ಯಾಟರಿಯ ಮೇಲೆ ಹಾಯಿಸುತ್ತದೆ. ಆ ಜಾಲರಿಗೆ ಅಡ್ಡವಾಗಿ ಸಾಮಾನು ಇಡಬೇಡಿ ಎಂದು ಕಾರಿನ ಕೈಪಿಡಿಯಲ್ಲೇ ಬರೆದಿರುತ್ತದೆ. ಕೈಪಿಡಿ ಓದುವವರು ಯಾರು?

ಈ ಫ್ಯಾನ್ ನಿಂತರೆ ಅಥವಾ ನಿಧಾನವಾದರೆ ಬ್ಯಾಟರಿ ಕಾಯುತ್ತದೆ. ಕಾದ ಬ್ಯಾಟರಿಯನ್ನು ಉಳಿಸಲು ಕಾರಿನ ಕಂಪ್ಯೂಟರ್ ಮೋಟರ್‌ಗೆ ಹೋಗುವ ಶಕ್ತಿಯನ್ನು ಕಡಿತ ಮಾಡುತ್ತದೆ. ಏರು ದಾರಿಯಲ್ಲಿ ಕಾರು ಮುಗ್ಗರಿಸುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ಮಾಲೀಕನ ಎದೆಯೂ ಅಲ್ಲಿಗೆ ಧಸಕ್ಕೆನ್ನುತ್ತದೆ. ಯಾಕೆಂದರೆ ‘ಹೈಬ್ರಿಡ್ ಬ್ಯಾಟರಿ’ ಎಂಬ ಎರಡು ಪದಗಳ ಹಿಂದೆ ದೊಡ್ಡ ಬಿಲ್ ನಿಂತಿರುತ್ತದೆ.

ರಾಣೆಬೆನ್ನೂರಿನಲ್ಲಿ ನನ್ನ ಸೋದರಮಾವನ ಗ್ಯಾರೇಜಿದೆ. ಸೆಮಿಸ್ಟರ್ ರಜೆಯಲ್ಲಿ ನಾನು ಅಲ್ಲಿಗೆ ಹೋಗುತ್ತೇನೆ. ಕಳೆದ ಬೇಸಿಗೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರೊಬ್ಬರು ಸೆಕೆಂಡ್‌ಹ್ಯಾಂಡ್ ಹೈಬ್ರಿಡ್ ಕಾರು ತಂದರು. ‘ದೊಡ್ಡ ವರ್ಕ್‌ಶಾಪಿನ್ಯಾಗ ತೋರಿಸೀನಿ. ಫ್ಯಾನ್ ಹೋಗೈತಿ, ಬ್ಯಾಟರಿನೂ ಕೂಡೇ ಹಾಕಿಬಿಡ್ರಿ ಅಂದ್ರು. ಲಕ್ಷದ ಮ್ಯಾಲ ಲೆಕ್ಕಾ ಹೇಳ್ಯಾರ ನೋಡ್ರಿ’ ಎಂದರು. ನನ್ನ ಮಾವ ಓದಿದ್ದು ಎಸ್ಸೆಸ್ಸೆಲ್ಸಿ, ಮಾಡಿದ್ದು ಇಪ್ಪತ್ತೈದು ವರ್ಷ ಆಟೊ ಎಲೆಕ್ಟ್ರಿಶಿಯನ್ ಕೆಲಸ. ‘ಸಾಹುಕಾರ್ರ, ಮೊದಲ ಫ್ಯಾನಿಗೆ ಕರೆಂಟ್ ಎಷ್ಟ್ ಮುಟ್ಟತೈತಿ ನೋಡೂಣು. ಆಮ್ಯಾಲ ಬ್ಯಾಟರಿ ಮಾತಾಡೂಣು’ ಎಂದರು ಅವರು.

ಸ್ಕ್ಯಾನರ್ ಜೋಡಿಸಿದಾಗ ಬಂದ ಕೋಡ್ ‘ಪಿ0ಎ81’. ಅದರ ಅರ್ಥ ಬ್ಯಾಟರಿ ತಂಪು ಮಾಡುವ ಫ್ಯಾನಿನ ಸರ್ಕಿಟ್‌ನಲ್ಲಿ ತೊಂದರೆ ಇದೆ ಎಂದು. ಫ್ಯಾನ್ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಬ್ಯಾಟರಿ ಕೆಟ್ಟಿದೆ ಎಂದಂತೂ ಹೇಳುವುದೇ ಇಲ್ಲ. ಅದಕ್ಕೆ ಬೇರೆ ಕೋಡ್ ಇದೆ, ‘ಪಿ0ಎ80’. ಕೋಡ್ ಎಂದರೆ ಪೊಲೀಸ್ ಠಾಣೆಗೆ ಕೊಟ್ಟ ದೂರು ಇದ್ದಂತೆ. ಯಾವ ಓಣಿಯಲ್ಲಿ ಗಲಾಟೆ ಆಗಿದೆ ಎಂದಷ್ಟೇ ಅದರಲ್ಲಿರುತ್ತದೆ. ತನಿಖೆ ಮಾಡದೆ ಶಿಕ್ಷೆ ಕೊಟ್ಟರೆ ಹೇಗೆ?

ಬೀಪ್ ಸದ್ದನ್ನು ನಂಬಬೇಡಿ

ತನಿಖೆ ನಡೆದದ್ದು ಹೀಗೆ. ಡಿಕ್ಕಿಯ ಒಳಹೊದಿಕೆ ಬಿಚ್ಚಿದ ಮೇಲೆ ಮಾವ ನನಗೆ ಹೇಳಿದ ಮೊದಲ ಮಾತು: ‘ಅಳ್ಯಾ, ಮೀಟರ್ ಹಿಡಿ. ಕೇಸರಿ ಬಣ್ಣದ ವಾಯರ್ ಕಡೆ ಕೈ ಹೋಗಬಾರದು.’ ಹೈಬ್ರಿಡ್‌ನಲ್ಲಿ ಕೇಸರಿ ತಂತಿ ಎಂದರೆ ನೂರಾರು ವೋಲ್ಟ್ ಹರಿಯುವ ತಂತಿ, ಕೈಯಿಟ್ಟರೆ ಜೀವಕ್ಕೇ ಕುತ್ತು. ಫ್ಯಾನ್ ನಡೆಯುವುದು ಮಾತ್ರ ಸಾಮಾನ್ಯ 12 ವೋಲ್ಟ್‌ನಲ್ಲಿ. ಆದರೆ ಅದರ ತಂತಿ ಹಾಯುವುದು ಆ ದೊಡ್ಡ ಬ್ಯಾಟರಿಯ ಪಕ್ಕದಲ್ಲೇ.

ಮಲ್ಟಿಮೀಟರನ್ನು ಕಂಟಿನ್ಯುಯಿಟಿಗೆ ಇಟ್ಟು ಫ್ಯಾನಿನ ತಂತಿ ನೋಡಿದರೆ ‘ಬೀಪ್’ ಎಂದಿತು. ನಮ್ಮ ಕಾಲೇಜಿನ ಲ್ಯಾಬ್ ಲೆಕ್ಕದಲ್ಲಿ ತಂತಿ ಸರಿ ಇದೆ, ಆದ್ದರಿಂದ ಫ್ಯಾನ್ ಕೆಟ್ಟಿದೆ. ಮಾವ ಅಲ್ಲಿಗೆ ನಿಲ್ಲಲಿಲ್ಲ. ಕಾರನ್ನು ‘ರೆಡಿ’ ಸ್ಥಿತಿಗೆ ತರದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಸ್ಕ್ಯಾನರ್‌ನಿಂದ ಫ್ಯಾನಿಗೆ ಪೂರ್ತಿ ವೇಗದಲ್ಲಿ ತಿರುಗು ಎಂದು ಆಜ್ಞೆ ಕೊಟ್ಟರು. ಫ್ಯಾನ್ ಸೋಂಬೇರಿಯಂತೆ ತಿರುಗಿತು. ಆಗ ಮೀಟರ್ ಹಿಡಿದೆವು. 12 ವೋಲ್ಟ್ ಬ್ಯಾಟರಿಯಲ್ಲಿ 12.2 ವೋಲ್ಟ್ ಇತ್ತು. ಫ್ಯಾನಿನ ಬಾಯಿಗೆ ಮುಟ್ಟುತ್ತಿದ್ದದ್ದು 8.9 ಮಾತ್ರ. ಅರ್ಥ್ ಕಡೆಯ ದಾರಿಯಲ್ಲಿ ಕಳೆದುಹೋಗುತ್ತಿದ್ದದ್ದು 0.1 ವೋಲ್ಟ್, ಅದು ಸಹಜ. ಉಳಿದ 3.2 ವೋಲ್ಟ್ ಬ್ಯಾಟರಿಯಿಂದ ಫ್ಯಾನಿಗೆ ಬರುವ ದಾರಿಯಲ್ಲೇ ಕಳುವಾಗುತ್ತಿತ್ತು.

ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಓಮ್‌ನ ನಿಯಮ ಇಲ್ಲಿ ಕೆಲಸಕ್ಕೆ ಬಂತು. ಹರಿಯುತ್ತಿದ್ದದ್ದು ಸುಮಾರು 8 ಆಂಪಿಯರ್. 3.2 ಭಾಗಿಸು 8, ಅಂದರೆ 0.4 ಓಮ್. ಇಷ್ಟು ಸಣ್ಣ ಪ್ರತಿರೋಧವನ್ನು ಸಾದಾ ಮೀಟರ್ ಹೇಗೆ ಹಿಡಿದೀತು? ಅದರ ಸ್ವಂತ ತಂತಿಗಳ ಪ್ರತಿರೋಧವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಕಂಟಿನ್ಯುಯಿಟಿ ಪರೀಕ್ಷೆಯಲ್ಲಿ ಮೀಟರ್ ಹಾಯಿಸುವ ಕರೆಂಟ್ ತೀರಾ ಕಡಿಮೆ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ದಾಟಿಹೋಗುತ್ತದೆ, ಬೀಪ್ ಎನ್ನುತ್ತದೆ. ಹರಕು ಹಗ್ಗದ ಮೇಲೆ ಇರುವೆ ನಡೆದಂತೆ. ಅದೇ ಹಗ್ಗಕ್ಕೆ ತುಂಬಿದ ಕೊಡ ಕಟ್ಟಿ ಬಾವಿಗೆ ಇಳಿಬಿಟ್ಟಾಗಲೇ ಅದರ ಬಂಡವಾಳ ಗೊತ್ತಾಗುವುದು. ವೋಲ್ಟೇಜ್ ಡ್ರಾಪ್ ಪರೀಕ್ಷೆ ಎಂದರೆ ಇದೇ, ಹೊರೆ ಹೊರಿಸಿ ನೋಡುವುದು.

ಇನ್ನೊಂದು ಲೆಕ್ಕವೂ ಇದೆ. 3.2 ವೋಲ್ಟನ್ನು 8 ಆಂಪಿಯರ್‌ನಿಂದ ಗುಣಿಸಿದರೆ ಸುಮಾರು 25 ವಾಟ್. ನಾವು ಲ್ಯಾಬಿನಲ್ಲಿ ಬಳಸುವ ಸಣ್ಣ ಸೋಲ್ಡರಿಂಗ್ ಐರನ್ ಕೂಡ 25 ವಾಟ್‌ನದೇ! ಅಂಥದ್ದೊಂದನ್ನು ಪ್ಲಾಸ್ಟಿಕ್ ಕನೆಕ್ಟರ್ ಒಳಗೆ ಇಟ್ಟಂತಾಗಿತ್ತು. ತಂತಿಯ ಜಾಡು ಹಿಡಿದು ಹೋದಾಗ ಸಿಕ್ಕಿದ್ದೂ ಹಾಗೆಯೇ: ಕಂದು ಬಣ್ಣಕ್ಕೆ ತಿರುಗಿದ ಕನೆಕ್ಟರ್, ಅದರೊಳಗೆ ಹಸಿರು-ಬಿಳಿ ಪುಡಿ. ಕಿಲುಬು. ಹಿಂದಿನ ದೀಪದ ರಬ್ಬರ್ ಸೀಲ್ ಸಡಿಲವಾಗಿ, ಕಾರು ತೊಳೆದಾಗಲೆಲ್ಲ ಹನಿ ನೀರು ಒಳಗಿಳಿಯುತ್ತಿತ್ತು. ನೀರು, ಗಾಳಿ, ವಿದ್ಯುತ್ ಮೂರೂ ಸೇರಿದರೆ ತಾಮ್ರ ಕರಗುತ್ತದೆ, ಅದರಲ್ಲೂ ಪಾಸಿಟಿವ್ ಕಡೆಯ ತಂತಿ ಬೇಗ ಕರಗುತ್ತದೆ.

ದುರಸ್ತಿಗೂ ಒಂದು ಕ್ರಮವಿದೆ. ಇಗ್ನಿಷನ್ ಆಫ್ ಮಾಡಿ ಕೀ ದೂರ ಇಟ್ಟು, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ, 1,000 ವೋಲ್ಟ್ ತಡೆಯುವ ಕೈಗವಸು ಹಾಕಿಕೊಂಡು ಹೈಬ್ರಿಡ್ ಬ್ಯಾಟರಿಯ ಸರ್ವಿಸ್ ಪ್ಲಗ್ ತೆಗೆದು, ಕನಿಷ್ಠ 10 ನಿಮಿಷ ಕಾದರು. ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಇಳಿಯಬೇಕಲ್ಲ. ಆಮೇಲೆ ತಂತಿಯನ್ನು ಕತ್ತರಿಸುತ್ತ ಹೋದರು. ಕಿಲುಬು ಬಾಯಲ್ಲಷ್ಟೇ ಇರುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರಿದಂತೆ ತಂತಿಯ ಎಳೆಗಳು ನೀರನ್ನು ಒಳಗೆಳೆದುಕೊಂಡು ಸಿಪ್ಪೆಯ ಕೆಳಗೆ ಕಪ್ಪಾಗಿರುತ್ತವೆ. ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡು ಜೋಡಿಸಿ, ಹೊಸ ಟರ್ಮಿನಲ್ ಅನ್ನು ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ತೊಡಿಸಿ, ಕನೆಕ್ಟರ್ ಬದಲಿಸಿದರು. ಕೊನೆಗೆ ದೀಪದ ಸೀಲ್ ಹೊಸದು ಹಾಕಿದರು. ನೀರಿನ ದಾರಿ ಮುಚ್ಚದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕತೆ. ಜಾಲರಿಯ ಹಿಂದಿನ ಫಿಲ್ಟರ್ ತೆಗೆದು ಕೊಡವಿದರೆ ಬಂದದ್ದು ಬ್ಯಾಡಗಿಯ ಕೆಂಪು ದೂಳು, ಎಲ್ಲರೂ ಸೀನಿದೆವು. ಮತ್ತೆ ಅಳೆದಾಗ ಫ್ಯಾನಿಗೆ ಮುಟ್ಟಿದ್ದು 12.0 ವೋಲ್ಟ್. ಸಾಮಾನಿನ ಖರ್ಚು ಸಾವಿರ ರೂಪಾಯಿಯೊಳಗೆ ಮುಗಿಯಿತು. ಹಳೆಯ ಫ್ಯಾನ್, ಹಳೆಯ ಬ್ಯಾಟರಿ ಎರಡೂ ಇಂದಿಗೂ ಅದೇ ಕಾರಿನಲ್ಲಿ ಕೆಲಸ ಮಾಡುತ್ತಿವೆ.

ಇದು ನಮ್ಮೂರಿನ ಗ್ಯಾರೇಜಿಗಷ್ಟೇ ಸೇರಿದ ಕತೆಯಲ್ಲ. ಕೆನಡಾ, ಅಮೆರಿಕಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಟೊಯೊಟಾದ ಆರ್‌ಎವಿ4 ಹೈಬ್ರಿಡ್‌ನ ಹಿಂದಿನ ಮೋಟರ್‌ಗೆ ಹೋಗುವ ಹೈವೋಲ್ಟೇಜ್ ಕೇಬಲ್‌ನ ಕನೆಕ್ಟರ್‌ಗೆ ಇಳಿದು ಕಿಲುಬು ಹಿಡಿಸಿತು. ಮಾಲೀಕರು ಅದಕ್ಕೆ ‘ಕೇಬಲ್‌ಗೇಟ್’ ಎಂದೇ ಹೆಸರಿಟ್ಟರು. ಗದ್ದಲವಾದ ಮೇಲೆ ಕಂಪನಿ ಆ ಕೇಬಲ್‌ನ ವಾರಂಟಿ ವಿಸ್ತರಿಸಿತು. ಅಲ್ಲಿ ಉಪ್ಪು, ಇಲ್ಲಿ ದೂಳು, ಪ್ರೆಷರ್ ವಾಷಿಂಗ್ ಮತ್ತು ಇಲಿ. ಇಲಿ ಕಡಿದ ಜಾಗದಲ್ಲಿ ನೀರು ಸೇರಿದರೂ ಕಿಲುಬೇ. ಇಲಿ ಓಡಿಸಲು ಹೋಂಡಾ ಕಂಪನಿ ಮೆಣಸಿನಕಾಯಿಯ ಖಾರದ ಅಂಶ ಸೇರಿಸಿದ ಟೇಪನ್ನೇ ಮಾರುತ್ತದೆ. ಬ್ಯಾಡಗಿಯವರು ಹಿಗ್ಗುವಂತಿಲ್ಲ, ನಮ್ಮ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ!

ನಮ್ಮನ್ನು ಯಾರು ಹೊರೆ ಹೊರಿಸಿ ನೋಡಿದ್ದಾರೆ?

ಮಾವನಿಗೆ ಲೋಡ್ ಪರೀಕ್ಷೆ ಅನುಭವದಿಂದ ಬಂತು. ನನಗೆ ಓಮ್‌ನ ನಿಯಮ ಪುಸ್ತಕದಿಂದ ಬಂತು. ಒಂದೇ ಜಿಲ್ಲೆಯಲ್ಲಿ ಇಬ್ಬರೂ ಇದ್ದೇವೆ, ಆದರೆ ಇಬ್ಬರೂ ಕೂಡುವ ಜಾಗವೇ ಇಲ್ಲ. ನಾನು ಓದುವ ಲ್ಯಾಬಿನಲ್ಲಿ ಕತ್ತರಿಸಿ ಬಣ್ಣ ಬಳಿದ ಹಳೆಯ ಎಂಜಿನ್ ಇದೆ, ಹೊಚ್ಚಹೊಸ ತಂತಿಗಳಿವೆ. ಹೊಸ ತಂತಿಯಲ್ಲಿ ಓಮ್‌ನ ನಿಯಮ ಯಾವಾಗಲೂ ಸರಿಯಾಗಿಯೇ ಬರುತ್ತದೆ, ರೆಕಾರ್ಡ್ ಪುಸ್ತಕಕ್ಕೆ ಸಹಿಯೂ ಬೀಳುತ್ತದೆ. ಕಿಲುಬು ಹಿಡಿದ ಒಂದು ತಂತಿಯನ್ನು ಬೇಕೆಂದೇ ಮೇಜಿನ ಮೇಲಿಟ್ಟು, ‘ತಪ್ಪು ಎಲ್ಲಿದೆ ಹುಡುಕಿ’ ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ನಮ್ಮ ಪರೀಕ್ಷೆಗಳೂ ಬೀಪ್ ಸದ್ದಿನಂಥವೇ. ಸಣ್ಣ ಕರೆಂಟ್ ಹಾಯಿಸಿ ಪಾಸ್ ಎನ್ನುತ್ತವೆ. ಕೆಲಸ ಕೊಡುವವನು ಹೊರೆ ಹೊರಿಸಿದ ದಿನ ವೋಲ್ಟೇಜ್ ಕುಸಿಯುತ್ತದೆ.

‘ಬಿಇ ಓದಿ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಳ್ಳುವುದೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಮನೆಯಲ್ಲೂ ಬಂದಿದೆ. ಸಾಲ ಮಾಡಿ ಓದಿಸುವ ತಂದೆ-ತಾಯಿಯ ಆತಂಕ ಸುಳ್ಳಲ್ಲ. ಅವರಿಗೆ ಎಂಜಿನಿಯರ್ ಎಂದರೆ ಬೆಂಗಳೂರು, ಎಸಿ ಕೋಣೆ, ಕೊರಳಲ್ಲಿ ಐಡಿ ಕಾರ್ಡ್. ಆದರೆ 3.2 ವೋಲ್ಟ್ ಎಲ್ಲಿ ಕಳುವಾಯಿತು ಎಂದು ಪತ್ತೆ ಮಾಡುವುದು ಎಂಜಿನಿಯರಿಂಗ್ ಅಲ್ಲದಿದ್ದರೆ ಇನ್ಯಾವುದು? ಕೆಟ್ಟ ಭಾಗ ಯಾವುದೆಂದು ತಿಳಿಯದೆ ಇಡೀ ಬ್ಯಾಟರಿಯನ್ನೇ ಬದಲಿಸಿ ಎನ್ನುವುದಕ್ಕೆ ಡಿಗ್ರಿ ಬೇಕಿಲ್ಲ.

ಈ ಕೆಲಸಕ್ಕೆ ಮುಂದೆ ಬೇಡಿಕೆ ಬರುತ್ತದೆ ಎನ್ನಲು ಜ್ಯೋತಿಷ್ಯ ಬೇಡ, ಕ್ಯಾಲೆಂಡರ್ ಸಾಕು. ಟೊಯೊಟಾ ತನ್ನ ಹೈಬ್ರಿಡ್ ಬ್ಯಾಟರಿಗೆ ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. 2022ರಲ್ಲಿ ಮಾರಾಟವಾದ ಕಾರುಗಳ ವಾರಂಟಿ 2030ಕ್ಕೆ ಮುಗಿಯುತ್ತದೆ, ಹೆಚ್ಚು ಓಡಿದವುಗಳದ್ದು ಇನ್ನೂ ಬೇಗ. ಇಂದು ಕಾಲೇಜಿನಲ್ಲಿರುವ ನಾವು ಆಗ ಅನುಭವವುಳ್ಳ ಕೆಲಸಗಾರರಾಗಿರಬೇಕು. ಆ ಕಾರುಗಳು ಎರಡನೇ, ಮೂರನೇ ಮಾಲೀಕರ ಕೈಗೆ, ಅಂದರೆ ನಮ್ಮಂಥ ಊರುಗಳಿಗೆ ಬರುತ್ತವೆ. ಆಗ ಅವುಗಳ ಬಾನೆಟ್ ತೆರೆಯುವವರು ಯಾರು? ಕಲಿಯದೇ ಕೈ ಹಾಕುವವರಾದರೆ ಒಂದು ದಿನ ಯಾರಾದರೂ ಕೇಸರಿ ತಂತಿಗೆ ಬಲಿಯಾಗುತ್ತಾರೆ. ಇದು ಉದ್ಯೋಗದ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆಯೂ ಹೌದು. ವಾರಂಟಿ ಇರುವ ಕಾರನ್ನು ಹೊರಗೆ ಬಿಚ್ಚಿಸುವುದು ಬೇಡ, ತರಬೇತಿ ಇಲ್ಲದವರು ಬಿಚ್ಚುವುದಂತೂ ಬೇಡವೇ ಬೇಡ.

ಕಂಪನಿಗಳು ಮಾಹಿತಿ ಕೊಡುವುದಿಲ್ಲ ಎನ್ನುವ ದೂರೂ ಇದೆ. ವೈರಿಂಗ್ ನಕ್ಷೆ ಇಲ್ಲದೆ ತಂತಿ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ. ಆದರೆ 2014ರ ಆಗಸ್ಟ್‌ನಲ್ಲೇ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು ₹2,545 ಕೋಟಿ ದಂಡ ವಿಧಿಸಿತು. ಬಿಡಿಭಾಗ, ದೋಷ ಪತ್ತೆಯ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು ಎಂದಿತು. ಕಂಪನಿಗಳು ಮೇಲ್ಮನವಿ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿ ಹಕ್ಕಿ’ಗಾಗಿ ಸಮಿತಿ ರಚಿಸಿತು, ಪೋರ್ಟಲ್ ತೆರೆಯಿತು. ಅದರ ವ್ಯಾಪ್ತಿಯಲ್ಲಿ ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳೂ ಇವೆ. ಹಕ್ಕು ಕಾಗದದ ಮೇಲೆ ಬಂದಿದೆ, ಅದನ್ನು ಕೇಳಿ ಪಡೆಯುವ ತಿಳಿವಳಿಕೆ ಇನ್ನೂ ನಮ್ಮ ಗ್ಯಾರೇಜುಗಳಿಗೆ ಬಂದಿಲ್ಲ. ಓದು ಬಲ್ಲ ನಾವಲ್ಲದೆ ಅದನ್ನು ತಲುಪಿಸುವವರು ಯಾರು?

ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದೂ ಇಲ್ಲಿಯೇ. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಹಳ್ಳಿ ಮಕ್ಕಳಿಗೆ ಕೆಲಸ ಕಲಿಸುತ್ತಿದೆ. ಅಡಿಪಾಯ ಇದೆ. ನಾನು ಕೇಳುವುದು ಅದರ ಮೇಲೆ ಮೂರೇ ಮೂರು ಕಲ್ಲು. ಒಂದು, ಪ್ರತಿ ಎಂಜಿನಿಯರಿಂಗ್, ಡಿಪ್ಲೊಮಾ ಲ್ಯಾಬಿನಲ್ಲಿ ಕಿಲುಬು ಹಿಡಿದ ತಂತಿ, ಸಡಿಲ ಅರ್ಥ್, ನೀರು ಹೊಕ್ಕ ಕನೆಕ್ಟರ್ ಇಟ್ಟು ದೋಷ ಹುಡುಕುವ ಪ್ರಯೋಗ. ಖರ್ಚು ಬಹುತೇಕ ಇಲ್ಲ, ಗುಜರಿಯಲ್ಲೇ ಸಿಗುತ್ತವೆ. ಎರಡು, ತಿಂಗಳಿಗೊಂದು ಶನಿವಾರ ಊರಿನ ಆಟೊ ಎಲೆಕ್ಟ್ರಿಶಿಯನ್‌ಗಳನ್ನು ಕಾಲೇಜಿಗೆ ಕರೆಯುವುದು. ಅವರು ನಮಗೆ ಹುಡುಕುವುದನ್ನು ಕಲಿಸಲಿ, ನಾವು ಅವರಿಗೆ ನಕ್ಷೆ ಓದುವುದನ್ನು, ಹೈವೋಲ್ಟೇಜ್ ಎಚ್ಚರವನ್ನು ಕಲಿಸೋಣ. ಮೂರು, ಇಂಟರ್ನ್‌ಶಿಪ್ ಎಂದರೆ ಆನ್‌ಲೈನ್ ಸರ್ಟಿಫಿಕೇಟ್ ಎಂಬುದು ನಿಂತು, ಗ್ಯಾರೇಜಿನಲ್ಲಿ ಕಳೆದ ನಾಲ್ಕು ವಾರಕ್ಕೂ ಅಂಕ ಸಿಗುವುದು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಪದವಿ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ ₹3,000 ಬರುತ್ತದೆ. ಒಂದು ತಿಂಗಳ ಹಣದಲ್ಲಿ ಒಳ್ಳೆಯ ಮಲ್ಟಿಮೀಟರ್ ಬರುತ್ತದೆ. ವೋಲ್ಟೇಜ್ ಡ್ರಾಪ್ ಪರೀಕ್ಷೆಯನ್ನು ಮೊದಲು ಬೈಕಿನ ಹಾರ್ನ್, ಹೆಡ್‌ಲೈಟ್ ಮೇಲೆ ಮಾಡಿ ನೋಡಿ, ಅಲ್ಲಿ ಅಪಾಯವಿಲ್ಲ. ಕೈ ಪಳಗಿದರೆ ಅದೇ ವಿದ್ಯೆ ಟ್ರ್ಯಾಕ್ಟರಿನ ಸೆಲ್ಫ್‌ಗೂ ನಡೆಯುತ್ತದೆ, ತರಬೇತಿ ಪಡೆದ ಮೇಲೆ ಹೊಲದ ಸೋಲಾರ್ ಪಂಪಿಗೂ, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಪ್ಯಾನೆಲ್‌ಗೂ ನಡೆಯುತ್ತದೆ. ಕಿಲುಬಿಗೆ ಹೈಬ್ರಿಡ್ ಕಾರೂ ಒಂದೇ, ಬೋರ್‌ವೆಲ್ ಸ್ಟಾರ್ಟರೂ ಒಂದೇ.

ದುರಸ್ತಿ ಬಲ್ಲವನಿದ್ದರೆ ಊರಿನ ದುಡ್ಡು ಊರಲ್ಲೇ ಉಳಿಯುತ್ತದೆ, ಚೆನ್ನಾಗಿರುವ ಬ್ಯಾಟರಿ ಗುಜರಿಗೆ ಹೋಗುವುದು ತಪ್ಪುತ್ತದೆ. ಮೊನ್ನೆ ನಮ್ಮ ತರಗತಿಯ ಐವರು ಸೇರಿ ವಿಭಾಗದ ಮುಖ್ಯಸ್ಥರಿಗೆ ಮನವಿ ಕೊಟ್ಟಿದ್ದೇವೆ: ಬರುವ ಸೆಮಿಸ್ಟರ್‌ನಲ್ಲಿ ಒಂದು ಶನಿವಾರ ಲ್ಯಾಬ್ ಕೊಡಿ, ಕೆಟ್ಟ ತಂತಿಗಳನ್ನು ನಾವೇ ತರುತ್ತೇವೆ ಎಂದು. ನಿಮ್ಮ ಕಾಲೇಜಿನಲ್ಲೂ ಒಂದು ಮನವಿ ಬರೆಯಿರಿ. ಹಾಳೆ ಒಂದು ಸಾಕು.